ಕಾಲು ಬಿಗಿ ಇರುವ ಮಗಳು, ಒರಗಿ ತುಳಿಯುವ ಟ್ರೈಕ್, ಅಮೆರಿಕನ್ ನದಿಯ ದಾರಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿದ್ದೇವೆ. ಮಗಳಿಗೆ 9 ವರ್ಷ. ಹುಟ್ಟಿನಿಂದಲೇ ಎರಡೂ ಕಾಲು ಬಿಗಿ. ಸ್ಪ್ಯಾಸ್ಟಿಕ್ ಡೈಪ್ಲೀಜಿಯಾ, ಮೆದುಳಿನ ತೊಂದರೆಯಿಂದ ಬರುವ ಸೆರೆಬ್ರಲ್ ಪಾಲ್ಸಿಯಲ್ಲೇ ಒಂದು ಬಗೆ ಅಂತ ಡಾಕ್ಟರು ಹೇಳಿದ್ದಾರೆ. ಕೋಲಿಲ್ಲದೆ ನಡೆಯುತ್ತಾಳೆ, ಆದರೆ ದೂರ ಹೋದರೆ ಸುಸ್ತು. ಪಾದಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್ ಇದೆ. ಎರಡು ಚಕ್ರದ ಸೈಕಲ್ ಆಗಲಿಲ್ಲ. ಮನೆ ಹತ್ತಿರದ ಅಮೆರಿಕನ್ ನದಿಯ ಬೈಕ್ ಟ್ರೇಲ್‌ನಲ್ಲಿ ಒರಗಿ ಕೂತು ತುಳಿಯುವ ಮೂರು ಚಕ್ರದ ರಿಕಂಬೆಂಟ್ ಟ್ರೈಕ್ ನೋಡಿದಾಗಿನಿಂದ ಅವಳದು ಒಂದೇ ಹಟ. ನನಗೊಂದು, ಅವಳಿಗೊಂದು ತಗೊಂಡು ಶನಿವಾರ ಭಾನುವಾರ ಜೊತೆಗೆ ಹೋಗುವ ಆಸೆ ನನಗೂ ಇದೆ. ಮೈಸೂರಿನಿಂದ ಬಂದಿರುವ ನಮ್ಮಮ್ಮ ಬೇಡ ಅಂತಾರೆ. ಮಲಗಿಕೊಂಡು ತುಳಿದರೆ ಬೆನ್ನು ಹೋಗುತ್ತೆ, ಇರುವ ಬಿಗಿ ಇನ್ನೂ ಜಾಸ್ತಿ ಆಗುತ್ತೆ ಅನ್ನೋದು ಅವರ ಮಾತು. ಜನ ಅದನ್ನು ಅಂಗವಿಕಲರ ಗಾಡಿ ಅಂತ ನೋಡ್ತಾರೆ ಅನ್ನುವ ನೋವೂ ಇದೆ. ನನ್ನ ಭಯ ಬೇರೆ. ಅಷ್ಟು ತಗ್ಗಿನ ಗಾಡಿ, ಹಿಂದಿನಿಂದ ಜೋರಾಗಿ ಬರುವ ಸೈಕಲ್‌ನವರು, ಪಕ್ಕದಲ್ಲೇ ನದಿ. ಅವಳ ಟ್ರೈಕನ್ನು ನನ್ನದರ ಹಿಂದೆ ಜೋಡಿಸಿಕೊಳ್ಳುವುದು ಒಳ್ಳೆಯದಾ? ಮೋಟಾರ್ ಇರುವುದು ತಗೊಳ್ಳಲಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ವಿವರಿಸಿದಂಥ ಮಗು ರಿಕಂಬೆಂಟ್ ಟ್ರೈಕ್ ಓಡಿಸಬಹುದು. ಸರಿಯಾಗಿ ಹೊಂದಿಸಿ ಕೊಟ್ಟರೆ ಚೆನ್ನಾಗಿಯೇ ಓಡಿಸುತ್ತದೆ. ಕಾಲು ಬಿಗಿ ಇರುವ ಮಕ್ಕಳ ಫಿಸಿಯೋಥೆರಪಿ ನನ್ನ ಕೆಲಸ. ಅವರಿಗೆ ಸೈಕಲ್ ಅಳತೆ ಮಾಡಿ ಕೊಡುವುದೂ ಅದರ ಒಂದು ಭಾಗ.

ಆದರೆ ನಿಮ್ಮ ಭಯಗಳ ಸಾಲನ್ನು ಸ್ವಲ್ಪ ಬದಲಿಸಬೇಕು. ನದಿ, ಬೆನ್ನು, ವೇಗದ ಸೈಕಲ್ ಎಲ್ಲರಿಗೂ ಮೊದಲು ಕಾಣುತ್ತವೆ. ನಾನು ಮೊದಲು ನೋಡುವುದು ಮಗುವಿನ ಪಾದ. ಇಂಥ ಮಗುವಿಗೆ ಈ ಗಾಡಿಯಲ್ಲಿ ಅತಿ ಕೆಟ್ಟ ಗಾಯ ಆಗಬಹುದಾದ ಜಾಗ ಅದೇ. ನಿಮ್ಮ ಪತ್ರದಲ್ಲಿ ಆ ಅಪಾಯದ ಮಾತೇ ಇಲ್ಲ.

ಎದುರಿಗೆ ಎರಡು, ಹಿಂದೆ ಒಂದು ಚಕ್ರ ಇರುವ ಟ್ರೈಕ್ ಇದೆಯಲ್ಲ, ಟ್ಯಾಡ್‌ಪೋಲ್ ಅಂತಾರೆ. ಅದರಲ್ಲಿ ಕಾಲು ನೆಲದಿಂದ ಸ್ವಲ್ಪವೇ ಮೇಲೆ, ಮುಂದಕ್ಕೆ ಚಾಚಿಕೊಂಡಿರುತ್ತದೆ. ಗಾಡಿ ಓಡುತ್ತಿರುವಾಗ ಪಾದ ಪೆಡಲ್‌ನಿಂದ ಜಾರಿ ನೆಲ ಮುಟ್ಟಿತು ಅಂದುಕೊಳ್ಳಿ. ಹಿಮ್ಮಡಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ. ಕಾಲು ಮಡಚಿಕೊಂಡು ಗಾಡಿಯ ಅಡ್ಡಪಟ್ಟಿಯ ಕೆಳಗೆ ಹೋಗಿಬಿಡುತ್ತದೆ. ಪಾದದ ಕೀಲು ಮುರಿಯಬಹುದು, ಮಂಡಿ ತಿರುಚಬಹುದು. ಗಟ್ಟಿಮುಟ್ಟಾದ ದೊಡ್ಡವರಿಗೂ ಇದು ಆಗಿದೆ. ಅದಕ್ಕೇ ಅನುಭವ ಇರುವವರು ಪಾದವನ್ನು ಪೆಡಲ್‌ಗೆ ಸೇರಿಸದೆ ಹೊರಡುವುದಿಲ್ಲ. ನಿಮ್ಮ ಮಗಳಿಗೆ ಅಪಾಯ ಇನ್ನೂ ಜಾಸ್ತಿ. ಕಾಲಿನ ಸ್ನಾಯು ತಾನಾಗೇ ಸೆಟೆದುಕೊಳ್ಳುವ ಹೊತ್ತಿನಲ್ಲಿ ಪಾದ ಪೆಡಲ್ ಬಿಟ್ಟು ಎದ್ದುಬಿಡುತ್ತದೆ. ಅದನ್ನು ಮತ್ತೆ ಪೆಡಲ್ ಮೇಲೆ ಇಡಲು ಅವಳಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು.

ಪರಿಹಾರ ಕಷ್ಟದ್ದಲ್ಲ. ಹಿಮ್ಮಡಿ ಕೂರುವ ಬಟ್ಟಲು, ಪಾದದ ಮೇಲೆ ಎರಡು ಪಟ್ಟಿ, ಮೀನಖಂಡದ ಹಿಂದೆ ಮೆತ್ತನೆಯ ಆಸರೆ ಇರುವ ಪೆಡಲ್ ಸಿಗುತ್ತದೆ. ಸ್ಪ್ಲಿಂಟ್ ಮತ್ತು ಶೂ ಹಾಕಿದ ಮೇಲೆ ಅದರೊಳಗೆ ಪಾದ ಹಿಡಿಸಬೇಕು. ಬರಿಗಾಲಿನ ಅಳತೆ ಕೊಟ್ಟು ತರಿಸಬೇಡಿ. ಬೂಟಿಗೆ ಲೋಹದ ತುಂಡು ಹಾಕಿ ಪೆಡಲ್‌ಗೆ ಕಚ್ಚಿಸುವ ಕ್ಲಿಪ್ ಅವಳಿಗೆ ಬೇಡ. ಅದರಿಂದ ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು. ಡೈಪ್ಲೀಜಿಯಾ ಇರುವ ಮಕ್ಕಳಿಗೆ ಕಷ್ಟವಾಗುವುದೇ ಆ ತಿರುವು. ಪಟ್ಟಿಯನ್ನು ಅವಳೇ ಕೈಯಿಂದ ಬಿಚ್ಚಿಕೊಳ್ಳುವ ಹಾಗಿರಲಿ. ಇನ್ನೊಂದು, ಅವಳು ತುಳಿಯುವುದು ನಿಲ್ಲಿಸಿದರೆ ಪೆಡಲ್ ನಿಲ್ಲಬೇಕು. ಚಕ್ರದ ಜೊತೆ ಪೆಡಲ್ ತಿರುಗುತ್ತಲೇ ಇರುವ ಗಾಡಿಯೂ ಇದೆ. ಅಂಥದ್ದಕ್ಕೆ ಕಟ್ಟಿದ ಕಾಲು ಸೆಟೆದುಕೊಂಡರೆ ಗಾಡಿ ಕಾಲನ್ನು ಎಳೆದಾಡುತ್ತದೆ.

ಈಗ ನಿಮ್ಮಮ್ಮನ ಮಾತಿಗೆ ಬರೋಣ. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಬೆನ್ನಿನ ವಿಷಯದಲ್ಲಿ ಅವರು ಹೇಳುವುದರಲ್ಲಿ ಒಂದು ಪಾಲು ನಿಜ ಇದೆ.

ಒರಗಿ ಕೂರುವುದರಿಂದ ಬೆನ್ನು ಹಾಳಾಗುವುದಿಲ್ಲ. ಬೆನ್ನಿಗೆ ಪೂರ್ತಿ ಆಸರೆ ಇರುವ ಸೀಟಿನಲ್ಲಿ ಬೆನ್ನುಮೂಳೆಯ ಮೇಲಿನ ಭಾರ ಬಗ್ಗಿ ಕೂತಾಗಿನದಕ್ಕಿಂತ ಕಡಿಮೆ. ಸಾಮಾನ್ಯ ಸೈಕಲ್‌ನ ಹಾಗೆ ಕತ್ತು ಎತ್ತಿ ನೋಡಬೇಕಾಗಿಲ್ಲ, ಮೈಭಾರ ಮಣಿಕಟ್ಟಿನ ಮೇಲೆ ಬೀಳುವುದಿಲ್ಲ. ಸೊಂಟನೋವಿಗೆ ಹೆದರಿ ಸೈಕಲ್ ಬಿಟ್ಟ ಎಷ್ಟೋ ಹಿರಿಯರು ಈ ಟ್ರೈಕ್‌ಗೆ ಬರುವುದು ಇದಕ್ಕೇ.

ಆದರೆ ನಿಮ್ಮ ಮಗಳ ಕಾಲು ಬೇರೆ. ತೊಡೆಯ ಹಿಂದೆ ಹ್ಯಾಮ್‌ಸ್ಟ್ರಿಂಗ್ ಅನ್ನುವ ಸ್ನಾಯು ಇದೆ. ಒಂದು ತುದಿ ಕೂರುವ ಮೂಳೆಗೆ, ಇನ್ನೊಂದು ತುದಿ ಮಂಡಿಯ ಕೆಳಗೆ ಅಂಟಿಕೊಂಡಿರುತ್ತದೆ. ಡೈಪ್ಲೀಜಿಯಾ ಇರುವ ಮಕ್ಕಳಲ್ಲಿ ಇದು ಬಿಲ್ಲಿನ ಹೆದೆಯ ಹಾಗೆ ಬಿಗಿದಿರುತ್ತದೆ. ಕಾಲು ಮುಂದೆ ಚಾಚಿ ಮಂಡಿ ನೇರ ಮಾಡಿದ ಕೂಡಲೇ ಅದು ಸೊಂಟದ ಕೆಳಭಾಗವನ್ನು ಮುಂದಕ್ಕೆ ಎಳೆಯುತ್ತದೆ. ಮಗು ಸೀಟಿನಲ್ಲಿ ಕೆಳಗೆ ಜಾರುತ್ತದೆ. ಕೆಳಬೆನ್ನು ಗೂನಾಗುತ್ತದೆ. ಹೀಗೆ ಕೂತು ಗಂಟೆಗಟ್ಟಲೆ ತುಳಿದರೆ ಬೆನ್ನು ನೋಯದೆ ಇರುತ್ತಾ? ಅಜ್ಜಿಯ ಭಯ ಈ ಒಂದು ಸಂದರ್ಭಕ್ಕೆ ಸರಿ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಸ್ಪ್ಲಿಂಟ್, ಶೂ ಹಾಕಿಸಿ ಅವಳನ್ನು ಗೋಡೆಗೆ ಬೆನ್ನು ಒತ್ತಿ ನೆಲದ ಮೇಲೆ ಕೂರಿಸಿ. ಕಾಲು ಮುಂದಕ್ಕೆ ಚಾಚಲಿ. ಕೆಳಬೆನ್ನು ಗೋಡೆ ಬಿಟ್ಟು ಜಾರುತ್ತಿದೆಯಾ, ಮಂಡಿ ಮೇಲೇಳುತ್ತಿದೆಯಾ ನೋಡಿ. ಮಂಡಿ ಎಷ್ಟು ಮಡಚಿದಾಗ ಬೆನ್ನು ಆರಾಮಾಗಿ ಗೋಡೆಗೆ ಕೂರುತ್ತದೋ, ಪೆಡಲ್ ಅತಿ ದೂರ ಇರುವಾಗಲೂ ಮಂಡಿ ಅಷ್ಟು ಮಡಚಿಯೇ ಇರಬೇಕು. ಹಾಗಾಗಿ ಪೆಡಲ್ ಹಿಡಿದ ಮುಂದಿನ ಕೊಳವೆಯನ್ನು, ಬೂಮ್ ಅಂತಾರೆ, ಒಳಗೆ ತಳ್ಳಿ ಹತ್ತಿರ ತರಬೇಕು. ಸೀಟಿನ ಬೆನ್ನನ್ನು ಸ್ವಲ್ಪ ಜಾಸ್ತಿ ಒರಗಿಸಬೇಕು. ಒರಗಿಸಿದರೆ ತೊಡೆಗೂ ಮೈಗೂ ನಡುವಿನ ಕೋನ ಬಿಚ್ಚಿಕೊಳ್ಳುತ್ತದೆ, ಸ್ನಾಯುವಿನ ಎಳೆತ ಸಡಿಲವಾಗುತ್ತದೆ. ಪೆಡಲ್ ಸೀಟಿಗಿಂತ ತುಂಬಾ ಎತ್ತರದಲ್ಲಿರುವ ಮಾದರಿ ಅವಳಿಗೆ ಬೇಡ. ಕ್ರ್ಯಾಂಕ್ ಗಿಡ್ಡದಾಗಿರಲಿ. ದೊಡ್ಡವರ ಟ್ರೈಕ್‌ನಲ್ಲಿ ಪೆಡಲ್ ಹಿಡಿದ ಆ ಕೋಲು 150ರಿಂದ 170 ಮಿಲಿಮೀಟರ್ ಇರುತ್ತದೆ. ಅವಳ ವಯಸ್ಸಿನ ಮಕ್ಕಳಿಗೆ ನಾನು 110ರಿಂದ 130ರ ಒಳಗೆ ನೋಡುತ್ತೇನೆ. ಇರುವ ಕ್ರ್ಯಾಂಕ್‌ಗೇ ತೂತಿರುವ ಪಟ್ಟಿ ಸಿಕ್ಕಿಸಿ ಗಿಡ್ಡ ಮಾಡಿಕೊಳ್ಳಲೂ ಬರುತ್ತದೆ.

ಬಿಗಿ ಜಾಸ್ತಿಯಾಗುತ್ತದೆ ಅನ್ನುವುದು ಅಜ್ಜಿ ಒಬ್ಬರ ನಂಬಿಕೆಯಲ್ಲ. ಹಿಂದೆ ನಮ್ಮ ಫಿಸಿಯೋಥೆರಪಿಯಲ್ಲೇ ಹಾಗೆ ಕಲಿಸುತ್ತಿದ್ದರು. ಬಿಗಿ ಇರುವ ಸ್ನಾಯುವಿಗೆ ಬಲದ ಕೆಲಸ ಕೊಡಬೇಡಿ, ಇನ್ನೂ ಸೆಟೆಯುತ್ತದೆ ಅಂತ. ಆಮೇಲಿನ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಬಲ ಹೆಚ್ಚಿಸುವ ವ್ಯಾಯಾಮದಿಂದ ಈ ಮಕ್ಕಳ ಬಿಗಿ ಏರುವುದಿಲ್ಲ ಅನ್ನುವುದು ಈಗ ಒಪ್ಪಿತ ವಿಷಯ. ಬಿಗಿಯ ಒಳಗೆ ಬಲಹೀನತೆ ಅಡಗಿರುತ್ತದೆ. ಕೆಲಸ ಕೊಡದಿದ್ದರೆ ಅದು ಹೆಚ್ಚುತ್ತದೆ. ಹೌದು, ತುಳಿಯುವ ಹೊತ್ತಿನಲ್ಲಿ ಕಾಲು ಸೆಟೆಯಬಹುದು. ಚಳಿ ಇದ್ದಾಗ, ಗಾಬರಿಯಾದಾಗ, ಗೇರ್ ಭಾರವಾದಾಗ ಹಾಗಾಗುತ್ತದೆ. ಹಗುರ ಗೇರ್ ಹಾಕಿ, ಮೊದಲ ಹತ್ತು ನಿಮಿಷ ನಿಧಾನವಾಗಿ ತುಳಿಯಲು ಹೇಳಿ. ಒರಗುವ ಸೀಟಿನಲ್ಲಿ ಬೆನ್ನು ಒತ್ತಿಕೊಂಡು ಎಷ್ಟು ಬೇಕಾದರೂ ಜೋರಾಗಿ ತಳ್ಳಬಹುದು. ಮಂಡಿಗೆ ಪೆಟ್ಟಾಗುವುದು ಅದರಿಂದಲೇ. ನಿಮಗೂ ಇದೇ ಮಾತು. ಭಾರದ ಗೇರಿನಲ್ಲಿ ಒದೆಯಬೇಡಿ, ಹಗುರ ಗೇರಿನಲ್ಲಿ ಬೇಗ ಬೇಗ ತಿರುಗಿಸಿ.

ಒಂದು ಕೆಲಸ ಮಾತ್ರ ಕಡ್ಡಾಯ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ತೊಡೆಮೂಳೆಯ ತಲೆ ಸೊಂಟದ ಗುಳಿಯಿಂದ ನಿಧಾನವಾಗಿ ಹೊರಗೆ ಸರಿಯುವ ಸಾಧ್ಯತೆ ಇರುತ್ತದೆ. ಅದಕ್ಕೇ ಆಗಾಗ ಎಕ್ಸ್‌ರೇ ತೆಗೆಸುತ್ತಾರೆ. ಇತ್ತೀಚಿನ ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಬಿಗಿ ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಅಥವಾ ಆಪರೇಷನ್ ಹತ್ತಿರದಲ್ಲಿ ಆಗಿದ್ದರೆ ಅದನ್ನೂ ಹೇಳಿ. ತುಳಿಯುವಾಗ ಮಂಡಿ ಎರಡೂ ಒಳಗೆ ಬಂದು ಒಂದಕ್ಕೊಂದು ತಾಗುತ್ತಿದ್ದರೆ ಪೆಡಲ್‌ಗಳನ್ನು ಸ್ವಲ್ಪ ಅಗಲಿಸಬಹುದು. ಮೀನಖಂಡದ ಆಸರೆಯೂ ಕಾಲನ್ನು ನೇರ ಸಾಲಿನಲ್ಲಿ ಹಿಡಿದಿಡುತ್ತದೆ.

ಅಂಗವಿಕಲರ ಗಾಡಿ ಅನ್ನುವ ಮಾತು ನನಗೆ ಅರ್ಥವಾಗುತ್ತದೆ. ನಮ್ಮೂರುಗಳಲ್ಲಿ ಮೂರು ಚಕ್ರದ ಸೈಕಲ್ ಅಂದರೆ ಕೈಯಿಂದ ತಿರುಗಿಸುವ, ಸರ್ಕಾರ ಹಂಚುವ ಆ ಗಾಡಿಯೇ ಕಣ್ಣಿಗೆ ಬರುತ್ತದೆ. ಮೊಮ್ಮಗಳನ್ನು ಅದರ ಜೊತೆ ಸೇರಿಸಿ ನೋಡಲು ಅವರಿಗೆ ಆಗುತ್ತಿಲ್ಲ. ಅವರನ್ನು ಒಂದು ಬೆಳಿಗ್ಗೆ ಟ್ರೇಲ್ ಪಕ್ಕದ ಬೆಂಚಿನಲ್ಲಿ ಕೂರಿಸಿ. ಟ್ರೈಕ್ ತುಳಿದುಕೊಂಡು ಹೋಗುವವರಲ್ಲಿ ಬಹಳ ಮಂದಿ ನಿವೃತ್ತರು, ಇಷ್ಟಪಟ್ಟು ದುಡ್ಡು ಕೊಟ್ಟು ಕೊಂಡವರು. ಟ್ರೈಕ್‌ನವರು ಒಬ್ಬರಿಗೊಬ್ಬರು ಕೈ ಎತ್ತಿಕೊಂಡು ಹೋಗುತ್ತಾರೆ. ಮಗಳಿಗಂತೂ ಇದು ತನ್ನದೇ ಗಾಡಿ. ನಡೆಯುವಾಗ ಸದಾ ಹಿಂದೆ ಬೀಳುವ ಮಗು ಮೊದಲ ಸಲ ಅಪ್ಪನಿಗಿಂತ ಮುಂದೆ ಹೋಗುತ್ತದೆ. ಆ ಹೊತ್ತಿನಲ್ಲಿ ಮಕ್ಕಳ ಮುಖ ನಾನು ನೋಡಿದ್ದೇನೆ. ನಿಮ್ಮಮ್ಮನೂ ಅದನ್ನು ನೋಡಲಿ ಅನ್ನುವುದು ನನ್ನ ಆಸೆ.

ಮೂರು ಚಕ್ರ ಇದ್ದರೆ ಬೀಳುವುದೇ ಇಲ್ಲ ಅನ್ನುವ ಇನ್ನೊಂದು ನಂಬಿಕೆ ಇದೆ. ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಂತಾಗ ಬೀಳುವುದಿಲ್ಲ ನಿಜ. ತಿರುವಿನಲ್ಲಿ ಬೀಳುತ್ತದೆ. ಎರಡು ಚಕ್ರದ ಸೈಕಲ್ ತಿರುವಿನ ಒಳಗೆ ವಾಲುತ್ತದೆ, ಟ್ರೈಕ್ ವಾಲುವುದಿಲ್ಲ. ವೇಗ ಎರಡು ಪಟ್ಟಾದರೆ ಹೊರಗೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಒಳಗಿನ ಚಕ್ರ ನೆಲ ಬಿಡುತ್ತದೆ. ತಗ್ಗಿನ ಸೀಟು ಇಲ್ಲಿ ಅನುಕೂಲ, ಎತ್ತರದ ಸೀಟು ಅಪಾಯ. ಪುಟ್ಟ ಹುಡುಗಿ ಅಂತ ದೊಡ್ಡವರ ಟ್ರೈಕ್ ತಂದು, ಕೆಳಗೆ ದಿಂಬು ಪೇರಿಸಿ ಕೂರಿಸುವ ತಂದೆತಾಯಿ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆನ್ನ ಹಿಂದೆ ದಿಂಬು ಇಟ್ಟರೆ ಪರವಾಗಿಲ್ಲ, ಅಡಿಗೆ ಬೇಡ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ತಿರುವಿನಲ್ಲಿ ತಲೆ ಮತ್ತು ಭುಜವನ್ನು ಒಳಬದಿಗೆ ಬಾಗಿಸುವುದನ್ನು ಖಾಲಿ ಪಾರ್ಕಿಂಗ್ ಜಾಗದಲ್ಲಿ ಆಟದ ಹಾಗೆ ಕಲಿಸಿ. ಮಕ್ಕಳು ಬೇಗ ಕಲಿಯುತ್ತಾರೆ.

ಬ್ರೇಕನ್ನೂ ಅಲ್ಲೇ ಪರೀಕ್ಷಿಸಿ. ಹೆಚ್ಚಿನ ಟ್ಯಾಡ್‌ಪೋಲ್ ಗಾಡಿಗಳಲ್ಲಿ ಎಡಗೈ ಬ್ರೇಕ್ ಎಡ ಚಕ್ರಕ್ಕೆ, ಬಲಗೈಯದು ಬಲ ಚಕ್ರಕ್ಕೆ. ಒಂದು ಕೈಯ ಹಿಡಿತ ಕಡಿಮೆ ಇದ್ದರೆ ಗಾಡಿ ಇನ್ನೊಂದು ಕಡೆಗೆ ಎಳೆಯುತ್ತದೆ. ಒಂದೇ ಲಿವರ್ ಎರಡೂ ಬ್ರೇಕ್ ಹಿಡಿಯುವ ಹಾಗೆ ಮಾಡಿಸಿ, ಗಟ್ಟಿ ಇರುವ ಕೈಗೆ ಕೊಡಿ. ಲಿವರ್ ಅವಳ ಬೆರಳಿಗೆ ಎಟುಕುವಷ್ಟು ಹತ್ತಿರ ಬರಲು ಪುಟ್ಟ ಸ್ಕ್ರೂ ಇರುತ್ತದೆ. ಅವಳ ಬ್ರೇಕ್ ಅವಳೇ ಹಿಡಿದು, ನೀವು ಗೆರೆ ಹಾಕಿದ ಜಾಗದಲ್ಲಿ ನಿಲ್ಲಿಸಲು ಬರುವ ತನಕ ಟ್ರೇಲ್ ಬೇಡ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಯಾವ ಟ್ರೈಕ್? ಟ್ಯಾಡ್‌ಪೋಲ್‌ನಲ್ಲಿ ಸೀಟು ತುಂಬಾ ತಗ್ಗು. ಡೈಪ್ಲೀಜಿಯಾ ಇರುವವರಿಗೆ ಅಷ್ಟು ಕೆಳಗಿನಿಂದ ಏಳುವುದೇ ಒಂದು ಸಾಹಸ. ಮುಂದೆ ಒಂದು, ಹಿಂದೆ ಎರಡು ಚಕ್ರ ಇರುವುದು ಡೆಲ್ಟಾ. ಅದರ ಸೀಟು ಕುರ್ಚಿಗೆ ಹತ್ತಿರದ ಎತ್ತರ, ಪಕ್ಕದಿಂದ ಹಾಗೇ ಕೂರಬಹುದು. ತಿರುವಿನಲ್ಲಿ ಟ್ಯಾಡ್‌ಪೋಲ್‌ನಷ್ಟು ಭದ್ರವಲ್ಲ, ಆದರೆ ಮಗು ಹೋಗುವ ವೇಗಕ್ಕೆ ಸಾಕು. ತಾನೇ ಹತ್ತಿ ತಾನೇ ಇಳಿಯುವುದು ಇಂಥ ಮಗುವಿಗೆ ದೊಡ್ಡ ವಿಷಯ, ಅಲ್ವಾ? ಹಾಗಾಗಿ ನಿಮ್ಮ ಮಗಳಿಗೆ ನನ್ನ ಒಲವು ಡೆಲ್ಟಾ ಕಡೆಗೆ. ನಿಮಗೆ ಯಾವುದಾದರೂ ಸರಿ. ಯಾವುದೇ ಆಗಲಿ, ಹತ್ತುವಾಗ ಇಳಿಯುವಾಗ ಗಾಡಿ ಉರುಳದಂತೆ ಹಿಡಿದಿಡುವ ಪಾರ್ಕಿಂಗ್ ಬ್ರೇಕ್ ಬೇಕೇ ಬೇಕು.

ಜೋಡಿಸಿಕೊಂಡು ಹೋಗುವ ವಿಚಾರ. ಜರ್ಮನಿಯ ಹಾಜೆ ಕಂಪನಿ ಟ್ರೆಟ್ಸ್ ಅನ್ನುವ ಮಕ್ಕಳ ಡೆಲ್ಟಾ ಟ್ರೈಕ್ ಮಾಡಿದೆ. ಅದು ತಾನಾಗಿಯೂ ಓಡುತ್ತದೆ, ದೊಡ್ಡವರ ಸೈಕಲ್ ಹಿಂದೆ ಸಿಕ್ಕಿಸಲೂ ಬರುತ್ತದೆ. ಈ ಕಲ್ಪನೆ ನನಗೆ ಇಷ್ಟ. ಮಗು ಸುಸ್ತಾದಾಗ ಮನೆ ಸೇರಲು ದಾರಿ ಇರುತ್ತದೆ. ಅಪಾಯವನ್ನೂ ತಿಳಿದಿರಿ. ಜೋಡಿಸಿದಾಗ ಎರಡೂ ಸೇರಿ ಕಾರಿನಷ್ಟು ಉದ್ದ ಆಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಗಾಡಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಟ್ರೇಲ್ ಬಾಯಲ್ಲಿ ಕಾರು ಬರದಂತೆ ನೆಟ್ಟಿರುವ ಕಂಬಗಳ ನಡುವೆ ಓರೆಯಾಗಿ ನುಗ್ಗಿದರೆ ಹಿಂದಿನ ಚಕ್ರ ಕಂಬಕ್ಕೆ ಬಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಜೋಡಿಸಿದಾಗ ಹ್ಯಾಂಡಲ್ಲೂ ನಿಮ್ಮದೇ, ಬ್ರೇಕೂ ನಿಮ್ಮದೇ. ಅವಳು ಪ್ರಯಾಣಿಕಳಾಗುತ್ತಾಳೆ. ಅದನ್ನು ವಾಪಸ್ ಬರುವ ದಾರಿಗೆ ಇಟ್ಟುಕೊಳ್ಳಿ. ಹೋಗುವಾಗ ಅವಳದು ಅವಳೇ ಓಡಿಸಲಿ. ಇಬ್ಬರಿಗೂ ಒಂದೇ ಗಾಡಿ, ಟ್ಯಾಂಡೆಮ್ ಟ್ರೈಕ್, ಸಿಗುತ್ತದೆ. ಬೆಲೆ ಜಾಸ್ತಿ, ಕಾರಿಗೆ ಹೇರುವುದು ಕಷ್ಟ, ಸ್ವಂತ ಗಾಡಿಯ ಖುಷಿ ಇಲ್ಲ. ನಿಮಗೆ ಬೇಡ ಅನ್ನುತ್ತೇನೆ.

ಮೋಟಾರ್ ಅವಳ ಗಾಡಿಗೆ ಸದ್ಯ ಬೇಡ. ನಾನು ತಿರುವಿನ ಬಗ್ಗೆ ಹೇಳಿದ್ದನ್ನು ನೆನಪಿಸಿಕೊಳ್ಳಿ. ಕಾಲು ಸೆಟೆದು ಪೆಡಲ್ ಒತ್ತಿದ ಹೊತ್ತಿನಲ್ಲೇ ಮೋಟಾರ್ ಕೂಡ ತಳ್ಳಿದರೆ ಬ್ರೇಕ್ ಕಲಿಯುತ್ತಿರುವ ಮಗು ಏನು ಮಾಡಬೇಕು? ನಿಮ್ಮ ಗಾಡಿಗೆ ಹಾಕಿಸಿದರೆ ಪ್ರಯೋಜನ ಇದೆ, ಅವಳನ್ನು ಎಳೆದು ತರಬೇಕಾದಾಗ ನೆರವಾಗುತ್ತದೆ. ದೊಡ್ಡವಳಾದ ಮೇಲೆ, ಸ್ನೇಹಿತರ ಜೊತೆ ದೂರ ಹೋಗುವ ಆಸೆ ಬಂದಾಗ ಮತ್ತೆ ಯೋಚಿಸಬಹುದು.

ಇನ್ನು ಆ ದಾರಿ. ಜೆಡಿಡೈಯಾ ಸ್ಮಿತ್ ಹೆಸರಿನ ಆ ಟ್ರೇಲ್ ಸ್ಯಾಕ್ರಮೆಂಟೊದ ಡಿಸ್ಕವರಿ ಪಾರ್ಕ್‌ನಿಂದ ಫೋಲ್ಸಮ್ ಕೆರೆಯ ಬೀಲ್ಸ್ ಪಾಯಿಂಟ್‌ವರೆಗೆ ಸುಮಾರು 32 ಮೈಲಿ. ಡಾಂಬರು ಹಾಕಿದ್ದು, ನಡುವೆ ಹಳದಿ ಗೆರೆ, ವೇಗದ ಮಿತಿ ಗಂಟೆಗೆ 15 ಮೈಲಿ. ರಸ್ತೆಗಳನ್ನು ಹೆಚ್ಚಾಗಿ ಸೇತುವೆ ಕೆಳಗಿನಿಂದಲೇ ದಾಟುತ್ತದೆ. ಕಾರಿನ ಕಾಟ ಅಷ್ಟಿಲ್ಲ. ಈ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಆದರೆ ಶುರು ಮಾಡುವುದು ನಿಮ್ಮ ಮನೆ ಕಡೆಯಿಂದ ಬೇಡ. ಫೋಲ್ಸಮ್ ತುದಿಯಲ್ಲಿ ಏರಿಳಿತ ಜಾಸ್ತಿ. ಗಾಡಿಗಳನ್ನು ಕಾರಿನಲ್ಲಿ ಹಾಕಿಕೊಂಡು ವಿಲಿಯಂ ಪಾಂಡ್ ಪಾರ್ಕ್‌ಗೆ ಹೋಗಿ. ಅಲ್ಲಿ ಹೆಚ್ಚುಕಡಿಮೆ ಸಮತಟ್ಟು. ಸೈಕಲ್ ಮತ್ತು ನಡೆಯುವವರಿಗಷ್ಟೇ ಇರುವ ಸೇತುವೆ ದಾಟಿದರೆ ಆಚೆ ದಡದಲ್ಲಿ ರಿವರ್ ಬೆಂಡ್ ಪಾರ್ಕ್. ಮೊದಲ ಕೆಲವು ವಾರಕ್ಕೆ ಈ ಎರಡು ಪಾರ್ಕಿನ ನಡುವಿನ ಓಡಾಟ ಸಾಕು. ಸೇತುವೆ ನಡುವೆ ನಿಂತು ನೀರು ನೋಡುವುದೇ ಅವಳಿಗೆ ಒಂದು ಪ್ರಯಾಣ.

ನಿಮ್ಮ ಜಾಗ ಅವಳ ಹಿಂದೆ. ಮುಂದೆ ಹೋದರೆ ಅವಳು ನಿಮಗೆ ಕಾಣುವುದಿಲ್ಲ. ಒರಗಿ ಕೂತಾಗ ಕತ್ತು ಹಿಂದಕ್ಕೆ ತಿರುಗುವುದಿಲ್ಲ, ಕನ್ನಡಿಯೊಂದೇ ಗತಿ. ಹಿಂದೆ ಇದ್ದರೂ ಅವಳ ಸೀಟಿನ ಬೆನ್ನು, ಹೆಲ್ಮೆಟ್ಟಿನ ತುದಿ, ಬಾವುಟ ಅಷ್ಟೇ ಕಾಣುತ್ತದೆ. ಅವಳ ಕಾಲು ಸೆಟೆದಿದೆ ಅನ್ನುವುದು ನಿಮಗೆ ಗೊತ್ತಾಗುವುದು ಗಾಡಿ ನಿಧಾನವಾದಾಗ ಮಾತ್ರ. ಹಾಗಾಗಿ ನಿಲ್ಲಬೇಕು ಅನ್ನಿಸಿದರೆ ಅವಳು ಒಂದು ಕೈ ಮೇಲೆತ್ತಲಿ, ಅದನ್ನು ಅಭ್ಯಾಸ ಮಾಡಿಸಿ. ಕಂಬಗಳ ಬಳಿ ಮತ್ತು ರಸ್ತೆ ದಾಟುವ ಕಡೆ ಮಾತ್ರ ನೀವು ಮುಂದೆ ಹೋಗಿ.

ವೇಗದ ಸೈಕಲ್‌ನವರು ಬರುವುದು ಹಿಂದಿನಿಂದ, ಅಂದರೆ ಮೊದಲು ಸಿಗುವುದು ನೀವು. ನಿಮ್ಮ ಗಾಡಿಗೆ ಎತ್ತರದ ಬಾವುಟ, ಹಗಲಿನಲ್ಲೂ ಮಿನುಗುವ ಕೆಂಪು ದೀಪ ಹಾಕಿ. ಅವಳ ಗಾಡಿಗೂ ಇರಲಿ. ಸೇತುವೆ ಕೆಳಗೆ ದಾರಿ ತಗ್ಗಿ, ಕತ್ತಲಾಗಿ, ತಿರುಗುವ ಕಡೆ ಬೆಲ್ ಹೊಡೆಯುತ್ತಾ ಬಲಕ್ಕೇ ಅಂಟಿಕೊಂಡು ಹೋಗಿ. ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ಹೋಗುವ ಆಸೆ ಬರುತ್ತದೆ, ಅದು ಬೇಡ. ಒಂದೊಂದು ಟ್ರೈಕೂ ಸುಮಾರು ಎರಡೂವರೆ ಅಡಿ ಅಗಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಮಕ್ಕಳು ಹಠಾತ್ ಸದ್ದಿಗೆ ನಮಗಿಂತ ಜೋರಾಗಿ ಬೆಚ್ಚುತ್ತಾರೆ. ಮೈಯೆಲ್ಲ ಸೆಟೆಯುತ್ತದೆ. ದಾಟುವವರು ಹಿಂದಿನಿಂದ "ಆನ್ ಯುವರ್ ಲೆಫ್ಟ್" ಅಂತ ಕೂಗಿದರೆ ಅವಳ ಕೈ ಹ್ಯಾಂಡಲ್ಲನ್ನು ಎಳೆದುಬಿಡಬಹುದು. ಮನೆಯಂಗಳದಲ್ಲೇ ಅವಳು ತುಳಿಯುತ್ತಿರುವಾಗ ಹಿಂದಿನಿಂದ ಹಾಗೆ ಕೂಗಿ ರೂಢಿ ಮಾಡಿಸಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಟ್ರೇಲಿನಲ್ಲಿ ಯಾರಾದರೂ ಬರುತ್ತಿರುವುದು ಕನ್ನಡಿಯಲ್ಲಿ ಕಂಡ ಕೂಡಲೇ ನೀವೇ ಮೊದಲು ಅವಳಿಗೆ ಕನ್ನಡದಲ್ಲಿ ಹೇಳಿ. ಅಪ್ಪನ ದನಿ ಬೆಚ್ಚಿಸುವುದಿಲ್ಲ.

ನದಿಯ ಭಯ ನಾನು ಕೊನೆಗೆ ಇಡುತ್ತೇನೆ. ಹೆಚ್ಚಿನ ಕಡೆ ಟ್ರೇಲಿಗೂ ನೀರಿಗೂ ನಡುವೆ ಮರಗಿಡ, ದಂಡೆ ಇದೆ. ತುಳಿಯುತ್ತಿರುವಾಗ ನೀರಿಗೆ ಬೀಳುವ ಪ್ರಶ್ನೆ ಬಹುತೇಕ ಬರುವುದಿಲ್ಲ. ಅಪಾಯ ಇರುವುದು ಗಾಡಿ ನಿಲ್ಲಿಸಿ, ಬೇಸಿಗೆಯಲ್ಲಿ ಕಾಲು ತೋಯಿಸಲು ಇಳಿದಾಗ. ಆ ನೀರು ನಿಂಬಸ್ ಅಣೆಕಟ್ಟಿನಿಂದ ಬರುವುದು, ತಣ್ಣಗಿರುತ್ತದೆ, ಮೇಲೆ ಶಾಂತವಾಗಿ ಕಂಡರೂ ಸೆಳೆತ ಇದೆ. ತಣ್ಣೀರಿಗೆ ಅವಳ ಕಾಲು ಕೂಡಲೇ ಸೆಟೆಯುತ್ತದೆ. ಇಳಿಯುವುದಾದರೆ ಲೈಫ್ ಜಾಕೆಟ್ ಹಾಕಿಸಿ, ಕೈ ಹಿಡಿದೇ ಇರಿ. ಚಳಿಗಾಲದ ಮಳೆಯಲ್ಲಿ ನದಿ ಏರಿದರೆ ಡಿಸ್ಕವರಿ ಪಾರ್ಕ್ ಕಡೆ ಟ್ರೇಲ್ ಮುಳುಗುತ್ತದೆ, ನೋಡಿಕೊಂಡು ಹೋಗಿ.

ಬಿಸಿಲು ಮಾತ್ರ ನಿಜವಾದ ಶತ್ರು. ಜುಲೈಯಲ್ಲಿ ಅಲ್ಲಿ ಮಧ್ಯಾಹ್ನ 38 ಡಿಗ್ರಿ ದಾಟುವುದು ಮಾಮೂಲು. ಒರಗಿ ಕೂತಾಗ ಮುಖ, ತೊಡೆ, ಗಲ್ಲದ ಅಡಿ ಎಲ್ಲಕ್ಕೂ ಬಿಸಿಲು ನೇರ ಬೀಳುತ್ತದೆ. ಕೆಳಗಿನಿಂದ ಡಾಂಬರಿನ ಝಳ ಬೇರೆ. ಸ್ಪ್ಲಿಂಟ್ ಒಳಗೆ ಪಾದ ಬೆವರಿ ಬೊಬ್ಬೆ ಬರುತ್ತದೆ. ಮನೆಗೆ ಬಂದ ಮೇಲೆ ಚರ್ಮ ನೋಡಿ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಹೋಗಿ. ಸಂಜೆ ಹೋಗುವುದಾದರೆ ಒಂದು ಉಪಾಯ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಯಿಂದ ಬರುವ ಗಾಳಿ ಸ್ಯಾಕ್ರಮೆಂಟೊ ಕಡೆಯಿಂದ ಫೋಲ್ಸಮ್ ಕಡೆಗೆ ಬೀಸುತ್ತದೆ. ಮೊದಲು ಗಾಳಿಗೆ ಎದುರಾಗಿ ಸ್ಯಾಕ್ರಮೆಂಟೊ ಕಡೆಗೆ ಹೋಗಿ. ಸುಸ್ತಾಗಿ ತಿರುಗುವಾಗ ಗಾಳಿ ಬೆನ್ನಿಗಿರುತ್ತದೆ. ಅವಳ ಶಕ್ತಿ ಅರ್ಧ ಇರುವಾಗ ಅಲ್ಲ, ಇನ್ನೂ ಉತ್ಸಾಹದಲ್ಲಿರುವಾಗಲೇ ತಿರುಗಿ. ಈ ಮಕ್ಕಳ ಸುಸ್ತು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ಬರುತ್ತದೆ.

ಬೆಚ್ಚಗಿನ ದಿನಗಳಲ್ಲಿ ವಿಷದ ರ‍್ಯಾಟಲ್ ಹಾವು ಡಾಂಬರಿನ ಮೇಲೆ ಮಲಗಿರುವುದುಂಟು. ಟ್ರೈಕ್‌ನಲ್ಲಿ ನಿಮ್ಮ ಕೈ ನೆಲಕ್ಕೆ ಹತ್ತಿರ ಅನ್ನುವುದು ನೆನಪಿರಲಿ. ದೂರದಲ್ಲೇ ನಿಂತು ಅದು ಹೋಗಲು ಬಿಡಿ, ಪಕ್ಕದಲ್ಲಿ ಸುತ್ತಿ ಹೋಗಬೇಡಿ. ಟ್ರೇಲ್ ಉದ್ದಕ್ಕೂ ಮೈಲಿ ಗುರುತುಗಳಿವೆ. ದಾಟಿದ ಗುರುತನ್ನು ಮಗಳಿಗೆ ಓದಲು ಹೇಳಿ. 911ಕ್ಕೆ ಫೋನ್ ಮಾಡಬೇಕಾದರೆ ಎಲ್ಲಿದ್ದೀರಿ ಅಂತ ಹೇಳಲು ಆ ಸಂಖ್ಯೆ ಬೇಕು. ಇನ್ನು ಟೈರಿನ ಕಾಟ. ನಮ್ಮ ಹೊಲದ ಬದುಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು ಅಲ್ಲೂ ದಾರಿ ಅಂಚಿನಲ್ಲಿ ಬೆಳೆದಿದೆ. ಅಂಚಿಗೆ ಇಳಿಸಿದರೆ ಒಂದೇ ಸಲಕ್ಕೆ ಎರಡು ಚಕ್ರ ಪಂಚರ್ ಆಗಬಹುದು. ಮುಳ್ಳು ತಡೆಯುವ ದಪ್ಪ ಟೈರ್ ಹಾಕಿಸಿ, ಹೊಸ ಟ್ಯೂಬ್ ಇಟ್ಟುಕೊಳ್ಳಿ. ಹೆಲ್ಮೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 18ರ ಒಳಗಿನವರಿಗೆ ಅದು ಕಾನೂನು. ನೀವೂ ಹಾಕಿಕೊಳ್ಳಿ.

ಖರ್ಚಿನ ಮಾತು. ಹೊಸ ಟ್ರೈಕ್ ಅಂದರೆ ಸುಮಾರು ಎರಡು ಸಾವಿರ ಡಾಲರ್ ಹಿಡಿದುಕೊಳ್ಳಿ, ಒಳ್ಳೆಯದಕ್ಕೆ ಅದರ ಎರಡು ಮೂರು ಪಟ್ಟು. ಪೆಡಲ್, ಆಸರೆ, ಕ್ರ್ಯಾಂಕ್ ಬೇರೆ. ನಿಮ್ಮದು ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಉಳಿದ ದುಡ್ಡು ಅವಳ ಗಾಡಿ ಹೊಂದಿಸಲು ಹಾಕಿ. ಇನ್ಶೂರೆನ್ಸ್‌ನವರು ಇದನ್ನು ವೈದ್ಯಕೀಯ ಸಾಧನ ಅಂತ ಒಪ್ಪದಿರುವುದೇ ಹೆಚ್ಚು. ಆದರೂ ಫಿಸಿಯೋಥೆರಪಿಸ್ಟ್ ಹತ್ತಿರ ಪತ್ರ ಬರೆಸಿ ಅರ್ಜಿ ಹಾಕಿ, ಬೇಡ ಅಂದರೆ ಮೇಲ್ಮನವಿಯನ್ನೂ ಹಾಕಿ. ಆನ್‌ಲೈನ್‌ನಲ್ಲಿ ಚಿತ್ರ ನೋಡಿ ತರಿಸಬೇಡಿ. ಅವಳು ಕೂತು, ಪಾದ ಕಟ್ಟಿಕೊಂಡು, ಒಂದಷ್ಟು ದೂರ ತುಳಿದ ಗಾಡಿಯನ್ನೇ ಕೊಳ್ಳಿ.

ಗೋಡೆಗೆ ಒರಗಿಸಿ ಕೂರಿಸಿದಾಗ ಮೂರು ಅಳತೆ ಬರೆದಿಟ್ಟುಕೊಳ್ಳಿ. ಬೆನ್ನು ಆರಾಮಾಗಿರುವಷ್ಟು ಮಾತ್ರ ಕಾಲು ಚಾಚಿದಾಗ ಗೋಡೆಯಿಂದ ಶೂವಿನ ಅಡಿಯವರೆಗೆ ಎಷ್ಟು, ಶೂ ಹಾಕಿದ ಪಾದದ ಉದ್ದ ಅಗಲ ಎಷ್ಟು, ಅವಳು ಕೈ ಆಸರೆ ಇಲ್ಲದೆ ಎದ್ದು ನಿಲ್ಲಬಲ್ಲ ಅತಿ ತಗ್ಗಿನ ಸ್ಟೂಲು ಎಷ್ಟು ಎತ್ತರ. ಇವನ್ನು ಅಂಗಡಿಗೆ ಹೋಗುವ ಮೊದಲು ನನಗೆ ಬರೆದು ಕಳಿಸಿ. ಬೂಮ್ ಎಷ್ಟು ಒಳಗೆ ಬರಬೇಕು, ಕ್ರ್ಯಾಂಕ್ ಎಷ್ಟು ಗಿಡ್ಡ ಇರಬೇಕು, ಸೀಟು ಎಷ್ಟು ಎತ್ತರ ಬೇಕು ಅಂತ ಇವುಗಳಿಂದಲೇ ಹೇಳಬಹುದು.